ಮೊದಲು ಯಾವ ನೌಕೆ ಹತ್ತುವುದು?

ಮಗಾ, ನೀನು ಕಳಿಸಿದ ಎರಡೂ ಆಟಗಳ ಹೆಸರು ನನಗೆ ಹೊಸದಲ್ಲ. ಒಂದು ‘ಎಫ್‌ಟಿಎಲ್: ಫಾಸ್ಟರ್ ದ್ಯಾನ್ ಲೈಟ್’, ಇನ್ನೊಂದು ‘ಕ್ರೈಯಿಂಗ್ ಸನ್ಸ್’. ಸದ್ಯಕ್ಕೆ ಒಂದಕ್ಕಷ್ಟೇ ದುಡ್ಡಿದೆ, ಯಾವುದನ್ನು ತೆಗೆದುಕೊಳ್ಳಲಿ ದೊಡ್ಡಮ್ಮಾ ಎಂದು ಕೇಳಿದ್ದೀಯ. ಅರವತ್ತು ದಾಟಿದ ಹೆಂಗಸಿನ ಹತ್ತಿರ ಈ ಪ್ರಶ್ನೆ ತರುವ ಹುಡುಗ ಇಡೀ ಡೊಂಬಿವಲಿಯಲ್ಲಿ ನೀನೊಬ್ಬನೇ ಇರಬೇಕು. ನಿನ್ನ ಅಮ್ಮ ಬೇರೆ ಫೋನ್ ಮಾಡಿ, “ಅಕ್ಕಾ, ಅವನಿಗೆ ಸ್ವಲ್ಪ ಬುದ್ಧಿ ಹೇಳು” ಅಂದಳು. ಅವಳ ಲೆಕ್ಕದಲ್ಲಿ ಬುದ್ಧಿ ಎಂದರೆ ಎರಡೂ ಬೇಡ ಎನ್ನುವುದು. ನಾನು ಹಾಗೆ ಹೇಳುವವಳಲ್ಲ. ತಕ್ಕೋ. ಆದರೆ ಒಂದನ್ನೇ ತಕ್ಕೋ, ಅದೂ ಯಾವುದನ್ನು ಯಾಕೆ ಎಂದು ತಿಳಿದುಕೊಂಡು.

ನಿನ್ನ ಅಮ್ಮನ ಸಿಟ್ಟಿಗೂ ಕಾರಣವಿದೆ, ಅದನ್ನು ತಳ್ಳಿಹಾಕಬೇಡ. ನಿನ್ನ ಅಜ್ಜ ಊರು ಬಿಟ್ಟು ಮುಂಬಯಿಗೆ ಬಂದಾಗ ಹಗಲು ಹೋಟೆಲಿನಲ್ಲಿ ತಟ್ಟೆ ಎತ್ತಿ, ರಾತ್ರಿ ಕನ್ನಡ ಶಾಲೆಯಲ್ಲಿ ಓದಿದವರು. ಅವರಂಥ ನೂರಾರು ಹುಡುಗರಿಗೆ ಈ ಊರಿನ ರಾತ್ರಿ ಶಾಲೆಗಳೇ ದಾರಿ ತೋರಿಸಿದ್ದು. ಅಂಥ ಮನೆಯಲ್ಲಿ ಬೆಳೆದವಳ ಕಣ್ಣಿಗೆ ರಾತ್ರಿ ಹತ್ತು ಗಂಟೆಗೆ ಮಗ ಲ್ಯಾಪ್‌ಟಾಪಿನ ಮುಂದೆ ಆಕಾಶನೌಕೆ ಓಡಿಸುತ್ತಿದ್ದರೆ ಮೈ ಉರಿಯದೆ ಇನ್ನೇನು? ಹಾಗೆಂದು ಆಡುವುದು ಪಾಪವೇನಲ್ಲ. ಹೊತ್ತು ಹೇಗೆ ಖರ್ಚಾಗುತ್ತದೆ ಎನ್ನುವುದರ ಮೇಲೆ ಒಂದು ಕಣ್ಣಿದ್ದರೆ ಸಾಕು. ಆ ಮಾತಿಗೆ ಆಮೇಲೆ ಬರುತ್ತೇನೆ.

ಈ ಜಾತಿಯ ಆಟ ನನಗೆ ಪರಿಚಯವಾದದ್ದು ಥಾಣೆ–ಬೇಲಾಪುರ ರಸ್ತೆಯ ಒಂದು ಕಾರ್ಖಾನೆಯ ಇಡಿಪಿ, ಅಂದರೆ ಕಂಪ್ಯೂಟರ್ ವಿಭಾಗದಲ್ಲಿ. ತಿಂಗಳ ಕೊನೆಗೆ ಸಂಬಳದ ಪಟ್ಟಿ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಿಂದ ಕರಕರ ಸದ್ದು ಮಾಡುತ್ತ ಇಳಿಯುವಾಗ, ಕಾಗದ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳುವುದು ಬಿಟ್ಟರೆ ಬೇರೆ ಕೆಲಸವಿರುತ್ತಿರಲಿಲ್ಲ. ಅಲ್ಲಿನ ಯುನಿಕ್ಸ್ ಯಂತ್ರದಲ್ಲಿ ಯಾರೋ ಪುಣ್ಯಾತ್ಮರು ‘ರೋಗ್’ ಎಂಬ ಆಟ ಹಾಕಿಟ್ಟಿದ್ದರು. 1980ರ ಆಸುಪಾಸಿನಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್‌ನಲ್ಲಿ ಓದುತ್ತಿದ್ದ ಮೈಕೆಲ್ ಟಾಯ್ ಮತ್ತು ಗ್ಲೆನ್ ವಿಕ್‌ಮನ್ ಎಂಬ ಇಬ್ಬರು ಬರೆದದ್ದು. ಮುಂದೆ ಬರ್ಕ್ಲಿಯ ಕೆನ್ ಆರ್ನಾಲ್ಡ್ ಅವರ ಜೊತೆಯಾದರು, ಬರ್ಕ್ಲಿಯ ಯುನಿಕ್ಸ್ ಜೊತೆಗೆ ಆಟವೂ ಊರೂರು ಸುತ್ತಿತು. ಚಿತ್ರ ಎಂಬುದೇ ಇಲ್ಲ. ಹಸಿರು ಪರದೆ, ಅದರ ಮೇಲೆ ಇ–ಮೇಲ್ ವಿಳಾಸದ ನಡುವೆ ಬರುತ್ತದಲ್ಲ, ಆ ಅಟ್ ಚಿಹ್ನೆ. ಅದೇ ನೀನು. ರಾಕ್ಷಸರೆಲ್ಲ ಇಂಗ್ಲಿಷಿನ ದೊಡ್ಡಕ್ಷರಗಳು. ನೆಲಮಾಳಿಗೆಗೆ ಇಳಿದು ಒಂದು ತಾಯಿತ ತರಬೇಕು. ನೆಲಮಾಳಿಗೆ ಪ್ರತಿ ಸಲವೂ ಬೇರೆ, ಸತ್ತರೆ ಮೊದಲಿನಿಂದ. ಅಷ್ಟೇ ಆಟ. ಆ ಎರಡು ನಿಯಮ ಹಿಡಿದುಕೊಂಡು ಇವತ್ತು ನೂರಾರು ಆಟಗಳು ಹುಟ್ಟಿವೆ. ನೀನು ಕೇಳಿದ ಎರಡೂ ಅದೇ ವಂಶದವು.

ದೂರದಿಂದ ನೋಡಿದರೆ ಎರಡೂ ಅವಳಿ–ಜವಳಿ. ನಕ್ಷೆಯ ಮೇಲೆ ಚುಕ್ಕಿಗಳು, ಚುಕ್ಕಿಯಿಂದ ಚುಕ್ಕಿಗೆ ನೆಗೆತ, ಪ್ರತಿ ನೆಗೆತಕ್ಕೂ ಇಂಧನ, ಕೈಯಲ್ಲಿ ಖರ್ಚಿಗೆ ಸ್ಕ್ರ್ಯಾಪ್. ದುಡ್ಡಿನ ಬದಲು ಗುಜರಿ, ಎರಡರಲ್ಲೂ. ಜಗಳದ ನಡುವೆ ಆಟ ನಿಲ್ಲಿಸಿ ಯೋಚಿಸಬಹುದು, ಎರಡರಲ್ಲೂ. ಎರಡರ ಚಿತ್ರವೂ ಹಳೆಯ ಕಾಲದ ಚೌಕ ಚೌಕ ಚುಕ್ಕಿಗಳದ್ದು. ಪಟ ನೋಡಿ ನಿರ್ಧಾರ ಮಾಡಲು ಹೋದದ್ದಕ್ಕೇ ನಿನಗೆ ತಲೆ ಕೆಟ್ಟದ್ದು. ಒಳಗೆ ಹೊಕ್ಕರೆ ಎರಡರ ಸ್ವಭಾವವೇ ಬೇರೆ.

ಎಫ್‌ಟಿಎಲ್ ಬಂದದ್ದು 2012ರ ಸೆಪ್ಟೆಂಬರಿನಲ್ಲಿ. ಜಸ್ಟಿನ್ ಮಾ ಮತ್ತು ಮ್ಯಾಥ್ಯೂ ಡೇವಿಸ್ ಎಂಬ ಇಬ್ಬರೇ ಸೇರಿ ಕಟ್ಟಿದ ಸಬ್‌ಸೆಟ್ ಗೇಮ್ಸ್ ಅದನ್ನು ಮಾಡಿದ್ದು. ಇಬ್ಬರೂ ಶಾಂಘೈಯಲ್ಲಿ ದೊಡ್ಡ ಕಂಪನಿಯೊಂದರ ಸ್ಟುಡಿಯೋದಲ್ಲಿ ಜೊತೆಗಿದ್ದು, ಅದನ್ನು ಬಿಟ್ಟು ಬಂದವರು. ಆಟ ಮುಗಿಸಲು ಜನರ ಹತ್ತಿರ 10 ಸಾವಿರ ಡಾಲರ್ ಕೇಳಿದರು, ಬಂದದ್ದು 2 ಲಕ್ಷಕ್ಕೂ ಮೇಲೆ. ಹೀಗೆ ಬಂದ ದುಡ್ಡು ಎಷ್ಟೋ ಜನರ ತಲೆ ತಿರುಗಿಸಿದೆ. ಇವರು ಆರು ತಿಂಗಳೊಳಗೆ ಆಟವನ್ನು ಜನರ ಕೈಗಿಟ್ಟರು. 2014ರ ಏಪ್ರಿಲಿನಲ್ಲಿ ಅದಕ್ಕೇ ಇನ್ನಷ್ಟು ಸೇರಿಸಿ, ಮೊದಲು ಕೊಂಡವರಿಗೆ ಪುಕ್ಕಟೆ ಕೊಟ್ಟರು. ಇವತ್ತು ನೀನು ಕೊಂಡರೂ ಅದೆಲ್ಲ ಒಳಗೇ ಇರುತ್ತದೆ.

ಇದರಲ್ಲಿ ನೀನು ನೌಕೆಯನ್ನು ಮೇಲಿಂದ, ಸೂರು ತೆಗೆದು ನೋಡುತ್ತೀ. ಚಾಲಕನ ಕೋಣೆ, ಎಂಜಿನ್, ಶೀಲ್ಡ್, ಆಯುಧ, ಆಮ್ಲಜನಕ, ದವಾಖಾನೆ, ಎಲ್ಲ ಬೇರೆ ಬೇರೆ. ವಿದ್ಯುತ್ತು ಎಲ್ಲಕ್ಕೂ ಸಾಲುವುದಿಲ್ಲ. ಒಂದಕ್ಕೆ ಕೊಡಬೇಕಾದರೆ ಇನ್ನೊಂದರಿಂದ ಕಿತ್ತುಕೊಳ್ಳಬೇಕು. ನಿನ್ನ ಕೈಯಲ್ಲಿ ಒಂದು ಗುಟ್ಟಿನ ಸುದ್ದಿಯಿದೆ, ಎಂಟು ವಲಯ ದಾಟಿ ಅದನ್ನು ಮುಟ್ಟಿಸಬೇಕು. ಬೆನ್ನ ಹಿಂದೆ ಬಂಡುಕೋರರ ಪಡೆ ಬರುತ್ತಲೇ ಇರುತ್ತದೆ. ಕೊನೆಯ ವಲಯದಲ್ಲಿ ಅವರ ದೊಡ್ಡ ನೌಕೆ ನಿಂತಿದೆ, ಅದನ್ನು ಒಂದೇ ಸಲವಲ್ಲ, ಮೂರು ಸಲ ಸೋಲಿಸಬೇಕು.

ಒಂದು ಸಂದರ್ಭ ಹೇಳುತ್ತೇನೆ, ಇದು ನಿನಗೆ ಬೇಗನೇ ಎದುರಾಗುತ್ತದೆ. ಮೊದಲ ನೌಕೆಯ ಹೆಸರು ಕೆಸ್ಟ್ರೆಲ್, ಅದರಲ್ಲಿ ಮೂವರು. ಎದುರಾಳಿಯ ಕ್ಷಿಪಣಿ ಬಂದು ಆಮ್ಲಜನಕದ ಕೋಣೆಗೆ ಬಡಿಯಿತು. ಕ್ಷಿಪಣಿಯನ್ನು ಶೀಲ್ಡ್ ತಡೆಯುವುದಿಲ್ಲ. ಯಂತ್ರ ಕೆಟ್ಟಿತು, ಕೋಣೆಗೆ ಬೆಂಕಿ ಹತ್ತಿತು, ಇಡೀ ನೌಕೆಯ ಗಾಳಿ ಸ್ವಲ್ಪಸ್ವಲ್ಪವೇ ಇಳಿಯುತ್ತಿದೆ. ಯಾರನ್ನು ಕಳಿಸುತ್ತೀ? ಚಾಲಕನನ್ನು ಎಬ್ಬಿಸಿದರೆ ನೌಕೆಗೆ ಗುಂಡು ತಪ್ಪಿಸಿಕೊಳ್ಳುವ ಶಕ್ತಿ ಹೋಯಿತು. ಆಯುಧದ ಮುಂದೆ ಕೂತವನನ್ನು ಎಬ್ಬಿಸಿದರೆ ಗುಂಡು ತುಂಬುವುದು ತಡವಾಗುತ್ತದೆ. ಇನ್ನೊಂದು ದಾರಿ ಇದೆ. ಹೊರಬಾಗಿಲಿನಿಂದ ಆ ಕೋಣೆಯವರೆಗಿನ ಬಾಗಿಲುಗಳನ್ನೆಲ್ಲ ತೆರೆದಿಡು. ಗಾಳಿಯೆಲ್ಲ ಆಕಾಶಕ್ಕೆ ಹೋಗುತ್ತದೆ, ಬೆಂಕಿ ಉಸಿರುಗಟ್ಟಿ ಆರುತ್ತದೆ. ಆದರೆ ಯಂತ್ರ ಸರಿಮಾಡಲು ಒಳಗೆ ಹೋದ ಮನುಷ್ಯನಿಗೂ ಉಸಿರು ಬೇಕಲ್ಲ! ಬಾಗಿಲು ಮುಚ್ಚಿದರೂ ಗಾಳಿ ತುಂಬುವ ಯಂತ್ರವೇ ಕೆಟ್ಟು ಕೂತಿದೆ. ಈಗ ಸ್ಪೇಸ್ ಬಾರ್ ಒತ್ತು, ಆಟ ನಿಲ್ಲುತ್ತದೆ, ಎಷ್ಟು ಹೊತ್ತು ಬೇಕಾದರೂ ಯೋಚಿಸು. ಎಫ್‌ಟಿಎಲ್ ಎಂದರೆ ಈ ಯೋಚನೆಯೇ. ಬೆರಳಿನ ಚುರುಕು ಇದಕ್ಕೆ ಬೇಕಿಲ್ಲ, ಇಲ್ಲದಿದ್ದರೆ ಸಂಧಿವಾತದ ಬೆರಳುಗಳನ್ನಿಟ್ಟುಕೊಂಡು ನಾನು ಹೇಗೆ ಆಡಲಿ?

ಹೊಸಬರಿಗೆ ಅರ್ಥವಾಗದೆ ಹೋಗುವುದು ಬೆನ್ನಟ್ಟಿ ಬರುವ ಆ ಪಡೆ. ಬೆಳಿಗ್ಗೆ ಸೀಟು ಬೇಕೆನ್ನುವ ಡೊಂಬಿವಲಿಯವರು ಹಿಂದಕ್ಕೆ ಕಲ್ಯಾಣಿಗೆ ಹೋಗುವ ಗಾಡಿ ಹತ್ತಿ, ಅದೇ ಗಾಡಿಯಲ್ಲಿ ಕೂತುಕೊಂಡು ಮರಳಿ ಬರುವುದು ನಿನಗೆ ಗೊತ್ತೇ ಇದೆ. ಅರ್ಧ ಗಂಟೆ ಕಳೆದುಕೊಂಡು ಆರಾಮ ಗಳಿಸುವ ಲೆಕ್ಕ ಅದು. ಆಫೀಸಿಗೆ ಹೊತ್ತಿದ್ದರೆ ಲಾಭ, ಹೊತ್ತಿಲ್ಲದ ದಿನ ಅದೇ ಕೆಲಸ ಮಾಡಿದರೆ ಲೇಟ್ ಮಾರ್ಕ್. ಎಫ್‌ಟಿಎಲ್‌ನ ಪ್ರತಿ ವಲಯದಲ್ಲೂ ಇದೇ ಲೆಕ್ಕ. ಎಷ್ಟು ಚುಕ್ಕಿ ಸುತ್ತಿ ಗುಜರಿ ಕೂಡಿಸಬಹುದು, ಎಲ್ಲಿಂದ ನೇರ ಬಾಗಿಲಿಗೆ ಓಡಬೇಕು. ತೀರ ಬೇಗ ಓಡಿದರೆ ಬಡ ನೌಕೆಯೊಂದಿಗೆ ಮುಂದಿನ ವಲಯ ಸೇರುತ್ತೀ. ತೀರ ಸುತ್ತಿದರೆ ಪಡೆ ಬಂದು ಹಿಡಿಯುತ್ತದೆ.

ಇನ್ನು ಕ್ರೈಯಿಂಗ್ ಸನ್ಸ್. ಫ್ರಾನ್ಸಿನ ಮಾಂಪೆಲಿಯೆ ಊರಿನ ಆಲ್ಟ್ ಶಿಫ್ಟ್ ಎಂಬ ಸಣ್ಣ ತಂಡದ್ದು, 2019ರ ಸೆಪ್ಟೆಂಬರಿನಲ್ಲಿ ಬಂತು. ಎಫ್‌ಟಿಎಲ್ ಆಡಿ ಬೆಳೆದವರು ಮಾಡಿದ್ದು ಎಂದು ಮೊದಲ ನಕ್ಷೆಯಲ್ಲೇ ತಿಳಿಯುತ್ತದೆ. ಆದರೆ ಅವರ ಮನಸ್ಸಿದ್ದದ್ದು ಕತೆಯಲ್ಲಿ. ಒಂದು ಮಹಾಸಾಮ್ರಾಜ್ಯ. ಅದರಲ್ಲಿ ಮನುಷ್ಯರ ಕೆಲಸವನ್ನೆಲ್ಲ ಆಮ್ನಿ ಎಂಬ ಯಂತ್ರಮಾನವರು ಮಾಡುತ್ತಿದ್ದರು. ಒಂದು ದಿನ ಅವೆಲ್ಲ ಒಮ್ಮೆಗೇ ನಿಂತುಹೋದವು, ಸಾಮ್ರಾಜ್ಯ ಕುಸಿಯಿತು. ಅಡುಗೆ ಮಾಡಲು, ಯಂತ್ರ ರಿಪೇರಿ ಮಾಡಲು ಯಾರಿಗೂ ಬರುವುದಿಲ್ಲ. ಎಲ್ಲ ಯಂತ್ರಕ್ಕೆ ಬಿಟ್ಟು ಕೂತವರ ಗತಿ ಏನೆಂದು ಕೇಳುವ ಕತೆ, ಈಗಿನ ಕಾಲದಲ್ಲಿ ಓದಿದರೆ ಸ್ವಲ್ಪ ಭಯವೇ ಆಗುತ್ತದೆ. ನೀನು ಎಲಿಸ್ ಐಡಹೊ ಎಂಬ ಸೇನಾಪತಿಯ ತದ್ರೂಪಿ. ಗೆಹೆನ್ನಾ ಎಂಬ ನೆಲೆಯಲ್ಲಿ ನಿನ್ನನ್ನು ಎಬ್ಬಿಸುವವನು ಕಲಿಬಾನ್, ಉಳಿದಿರುವ ಒಂದು ಯಂತ್ರಮಾನವ. ಅವನ ಕೊಂಕು ಮಾತು ಕೇಳುವುದಕ್ಕೇ ಆಟ ಆಡಬಹುದು. ಫ್ರಾಂಕ್ ಹರ್ಬರ್ಟರ ‘ಡ್ಯೂನ್’ ಓದಿದವರಿಗೆ ಐಡಹೊ ಎಂಬ ಹೆಸರು ಎಲ್ಲಿಂದ ಬಂತೆಂದು ಹೇಳಬೇಕಾಗಿಲ್ಲ.

ಎಫ್‌ಟಿಎಲ್‌ನ ಹಾಗೆ ಸೂರು ತೆಗೆದ ನೌಕೆ ಇಲ್ಲಿ ಕಾಣುವುದಿಲ್ಲ. ಕಾದಾಟ ಹೊರಗೆ, ಆರು ಮೂಲೆಯ ಚೌಕಟ್ಟುಗಳ ಬಯಲಿನಲ್ಲಿ. ನಿನ್ನ ದೊಡ್ಡ ನೌಕೆ ಒಂದು ತುದಿಗೆ, ಅವರದು ಇನ್ನೊಂದು ತುದಿಗೆ, ನಡುವೆ ಸಣ್ಣ ಪಡೆಗಳನ್ನು ಬಿಟ್ಟು ನಡೆಸುತ್ತೀ. ಫೈಟರ್, ಡ್ರೋನ್, ಫ್ರಿಗೇಟ್ ಎಂದು ಬೇರೆ ಬೇರೆ ಬಗೆ, ಇವು ಒಂದು ಇನ್ನೊಂದನ್ನು ಸೋಲಿಸುತ್ತ ಸುತ್ತು ಹಾಕುತ್ತವೆ. ಯಾರ ಎದುರಿಗೆ ಯಾರನ್ನು ಬಿಡಬೇಕು, ಪೆಟ್ಟು ತಿಂದವರನ್ನು ಯಾವಾಗ ವಾಪಸು ಕರೆಯಬೇಕು ಎನ್ನುವುದೇ ಯುದ್ಧ. ಗ್ರಹಗಳಿಗೆ ಒಬ್ಬ ಅಧಿಕಾರಿಯ ಜೊತೆ ಕಮಾಂಡೋಗಳನ್ನು ಕಳಿಸಬಹುದು. ಹೋದ ಮೇಲೆ ಕೂತು ನೋಡುವುದಷ್ಟೇ ನಿನ್ನ ಪಾಲಿಗೆ. ಆ ಗ್ರಹಗಳ ಚಿತ್ರ ಬಲು ಚಂದ, ಅದನ್ನು ಒಪ್ಪಲೇಬೇಕು. ಎಫ್‌ಟಿಎಲ್‌ನಲ್ಲಿ ಕಣ್ಣಿಗೆ ಅಂಥ ಹಬ್ಬ ಏನೂ ಇಲ್ಲ, ಕಿವಿಗೆ ಮಾತ್ರ ಬೆನ್ ಪ್ರಂಟಿಯ ಸಂಗೀತ ಇದೆ. ಇಡೀ ದಿನ ಅಡುಗೆಮನೆಯಲ್ಲೂ ಗುನುಗಿಕೊಳ್ಳುವಂಥದು.

ಈಗ ನಿಜವಾದ ವ್ಯತ್ಯಾಸಕ್ಕೆ ಬರುತ್ತೇನೆ. ನೀನು ಪಟ್ಟಿ ಮಾಡಿ ಕಳಿಸಿದ ಪ್ರಶ್ನೆಗಳಲ್ಲಿ ಇದೊಂದು ಇರಲಿಲ್ಲ. ಸೋತಾಗ ಏನಾಗುತ್ತದೆ?

ಕ್ರೈಯಿಂಗ್ ಸನ್ಸ್‌ನಲ್ಲಿ ಆರು ಅಧ್ಯಾಯ. ಸೋತರೆ ಆ ಅಧ್ಯಾಯದ ಆರಂಭಕ್ಕೆ ಹೋಗುತ್ತೀ, ಮುಗಿಸಿದ ಅಧ್ಯಾಯಗಳು ಮುಗಿದೇ ಇರುತ್ತವೆ. ಕತೆ ಮುಂದೆ ಸಾಗುತ್ತದೆ. ನಿನ್ನ ಸಾವಿಗೂ ಕತೆಯಲ್ಲೇ ಒಂದು ಜಾಗ ಮಾಡಿದ್ದಾರೆ, ಇನ್ನೊಬ್ಬ ತದ್ರೂಪಿ ಏಳುತ್ತಾನೆ. ಎಫ್‌ಟಿಎಲ್‌ನಲ್ಲಿ ಹಾಗಿಲ್ಲ. ಏಳು ವಲಯ ದಾಟಿ ಎಂಟನೆಯದರಲ್ಲಿ ಸತ್ತರೂ ಸೊನ್ನೆಯಿಂದ ಶುರು. ಹೊಸ ನೌಕೆ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ನಿನ್ನ ಬಳಿ ಉಳಿಯುವುದು ಕಲಿತದ್ದಷ್ಟೇ. ಮೊದಮೊದಲು ಅನ್ಯಾಯ ಎನಿಸುತ್ತದೆ. ಬೈದುಕೊಂಡು ಮುಚ್ಚಿಡುತ್ತೀ. ರಾತ್ರಿ ಮಲಗಿದಾಗ ಹೊಳೆಯುತ್ತದೆ: ಅರೆ, ಮೂರನೆಯ ವಲಯದ ಅಂಗಡಿಯಲ್ಲಿ ಚಂದ ಕಂಡ ಆಯುಧಕ್ಕೆ ಗುಜರಿಯೆಲ್ಲ ಸುರಿದೆನಲ್ಲ, ಆಗ ಶೀಲ್ಡಿನ ಎರಡನೇ ಪದರ ಹಾಕಿಸಿದ್ದರೆ! ಸೋಲು ಎಂಟರಲ್ಲಾದರೂ ಅದರ ಬೀಜ ಮೂರರಲ್ಲಿ ಬಿದ್ದಿತ್ತು. ಹೀಗೆ ಹಿಂದಕ್ಕೆ ಹೋಗಿ ಕಾರಣ ಹುಡುಕುವುದು ಒಮ್ಮೆ ಅಭ್ಯಾಸವಾದರೆ ಆ ಆಟ ನಿನ್ನನ್ನು ಬಿಡುವುದಿಲ್ಲ. ನನ್ನ ಕಣ್ಣಿನಲ್ಲಿ ಎಫ್‌ಟಿಎಲ್ ಒಂದು ಕೈ ಮೇಲೆ ನಿಲ್ಲುವುದು ಇದಕ್ಕೇ.

ಅದೃಷ್ಟದ ಆಟ ಎಂದು ನಿನ್ನ ಗೆಳೆಯ ಹೇಳಿದನಂತೆ. ಪೂರ್ತಿ ಸುಳ್ಳಲ್ಲ. ಅಂಗಡಿಯಲ್ಲಿ ನಿನಗೆ ಬೇಕಾದದ್ದೇ ಇರುತ್ತದೆ ಎನ್ನುವಂತಿಲ್ಲ. ದೈತ್ಯ ಜೇಡಗಳು ಮುತ್ತಿದ ಒಂದು ನೆಲೆ ಸಿಗುತ್ತದೆ, ಸಹಾಯಕ್ಕೆ ಜನ ಕಳಿಸುತ್ತೀಯಾ ಎಂದು ಕೇಳುತ್ತದೆ. ಕಳಿಸಿದರೆ ಬಹುಮಾನ ಸಿಗಬಹುದು, ಕಳಿಸಿದವನು ವಾಪಸು ಬಾರದೆಯೂ ಇರಬಹುದು. ಹೊಸಬರೆಲ್ಲ ಒಳ್ಳೆಯತನಕ್ಕೆ ಕಳಿಸುತ್ತಾರೆ, ಒಬ್ಬನನ್ನು ಕಳೆದುಕೊಂಡು ಆಟಕ್ಕೆ ಬೈಯುತ್ತಾರೆ. ಆದರೆ ಗಮನವಿಟ್ಟು ನೋಡು, ನಿನ್ನ ನೌಕೆಯಲ್ಲಿ ತಕ್ಕ ಸಾಧನವಿದ್ದರೆ ಅಪಾಯವಿಲ್ಲದ ಇನ್ನೊಂದು ದಾರಿ ನೀಲಿ ಅಕ್ಷರದಲ್ಲಿ ಕಾಣಿಸುತ್ತದೆ. ಇಲ್ಲದಿದ್ದರೆ ಬೇಡ ಎಂದು ಮುಂದೆ ಹೋಗುವ ಸ್ವಾತಂತ್ರ್ಯವಂತೂ ಇದೆ. ಮೂವರೇ ಇರುವಾಗ ಒಬ್ಬನನ್ನು ಪಣಕ್ಕಿಡುವುದು ಅದೃಷ್ಟದ ತಪ್ಪೇ?

ಎಫ್‌ಟಿಎಲ್‌ನ ದೋಷವನ್ನೂ ಹೇಳಿಬಿಡುತ್ತೇನೆ. ಆ ಕೊನೆಯ ದೊಡ್ಡ ನೌಕೆ ದಾರಿಯಲ್ಲಿ ಸಿಕ್ಕ ಉಳಿದೆಲ್ಲಕ್ಕಿಂತ ಬೇರೆ ಬಗೆಯದು. ದಾರಿಯುದ್ದಕ್ಕೂ ಚೆನ್ನಾಗಿ ನಡೆದ ತಂತ್ರ ಅದರ ಮುಂದೆ ಕೈಕೊಡುತ್ತದೆ. ಇದನ್ನು ಆಟ ಮೊದಲೇ ಹೇಳುವುದಿಲ್ಲ. ನಾನು ಹೇಳುತ್ತಿದ್ದೇನೆ: ಆರನೇ ವಲಯಕ್ಕೆ ಬರುವಷ್ಟರಲ್ಲಿ ಕೊನೆಯದಕ್ಕೆ ತಯಾರಿ ಶುರುವಾಗಿರಬೇಕು. ಕ್ರೈಯಿಂಗ್ ಸನ್ಸ್‌ನ ದೋಷ ಬೇರೆ. ಮೊದಲ ಎರಡು ಅಧ್ಯಾಯಗಳಲ್ಲಿ ಕಾದಾಟ ಕುತೂಹಲ ಹುಟ್ಟಿಸುತ್ತದೆ, ಆಮೇಲೆ ಒಂದೇ ಬಗೆಯದು ಎನಿಸತೊಡಗುತ್ತದೆ, ಒಂದೊಂದು ಕಾದಾಟ ಎಳೆಯುತ್ತದೆ. ಕತೆಯ ಗುಟ್ಟು ಬಿಚ್ಚಿದ ಮೇಲೆ ಮತ್ತೊಮ್ಮೆ ಶುರುಮಾಡಲು ಮನಸ್ಸು ಬರುವುದಿಲ್ಲ. ಒಳ್ಳೆಯ ಕಾದಂಬರಿಯನ್ನು ಓದಿ ಕಪಾಟಿನಲ್ಲಿಟ್ಟರೂ ಅದು ಒಳ್ಳೆಯದೇ, ಆ ಮಾತು ಬೇರೆ. ಎಫ್‌ಟಿಎಲ್ ಬಂದು ಇಷ್ಟು ವರ್ಷವಾದ ಮೇಲೂ ಜನ ಆಡುತ್ತಿದ್ದಾರೆ. ‘ಮಲ್ಟಿವರ್ಸ್’ ಎಂದು ಅಭಿಮಾನಿಗಳೇ ಸೇರಿ ಅದರ ಮೇಲೆ ಇನ್ನೊಂದು ದೊಡ್ಡ ಆಟವನ್ನೇ ಕಟ್ಟಿ ಪುಕ್ಕಟೆ ಹಂಚಿದ್ದಾರೆ. ಅದನ್ನು ಈಗಲೇ ಮುಟ್ಟಬೇಡ, ಮೂಲ ಆಟ ಒಮ್ಮೆ ಗೆದ್ದ ಮೇಲೆ ನೋಡಿದರಾಯಿತು.

ಇಂಗ್ಲಿಷಿನ ಮಾತೂ ಇದೆ. ಎರಡರಲ್ಲೂ ಕನ್ನಡವಿಲ್ಲ, ಮರಾಠಿಯೂ ಇಲ್ಲ. ಎಫ್‌ಟಿಎಲ್‌ನಲ್ಲಿ ಪ್ರತಿ ಚುಕ್ಕಿಯಲ್ಲಿ ನಾಲ್ಕಾರು ಸಾಲು, ಅಷ್ಟೇ. ಕ್ರೈಯಿಂಗ್ ಸನ್ಸ್‌ನಲ್ಲಿ ಪುಟಗಟ್ಟಲೆ ಸಂಭಾಷಣೆ, ಅದೂ ಸುತ್ತಿ ಬಳಸಿ ಮಾತಾಡುವ ಪಾತ್ರಗಳು. ನಿನಗೆ ತೊಂದರೆಯಿಲ್ಲ. ಆದರೆ ನಿನ್ನ ತಮ್ಮ ಪಕ್ಕದಲ್ಲಿ ಕೂತು ನೋಡುತ್ತಾನೆ ಎಂದೆಯಲ್ಲ, ಅವನಿಗೆ ಕೋಣೆಗಳು, ಬೆಂಕಿ, ಬಾಗಿಲು ಕಣ್ಣಿಗೆ ಕಂಡಷ್ಟರಿಂದಲೇ ಅರ್ಥವಾಗುತ್ತದೆ. “ಅಣ್ಣಾ, ಆ ಬಾಗಿಲು ಮುಚ್ಚು” ಎಂದು ಅವನೇ ಕೂಗುತ್ತಾನೆ ನೋಡು.

ನೀನು ಎಲ್ಲಿ ಕೂತು ಆಡುತ್ತೀ ಎನ್ನುವುದೂ ಮುಖ್ಯ. ಎಫ್‌ಟಿಎಲ್ ಕಂಪ್ಯೂಟರಿನಲ್ಲಿದೆ, ಐಪ್ಯಾಡಿನಲ್ಲಿದೆ, ಆಂಡ್ರಾಯ್ಡ್ ಫೋನಿನಲ್ಲಿ ಇಲ್ಲ. ಕ್ರೈಯಿಂಗ್ ಸನ್ಸ್ 2020ರಲ್ಲಿ ಫೋನಿಗೂ ಬಂತು. ಐರೋಲಿಯ ಆಫೀಸಿಗೆ ದಿನಾ ಹೋಗಿಬರುವ ನೀನು ಗಾಡಿಯಲ್ಲಿ ಆಡಬಹುದಲ್ಲ ಎಂದು ಲೆಕ್ಕ ಹಾಕುತ್ತಿದ್ದರೆ, ಸ್ವಲ್ಪ ತಡೆ. ಡೊಂಬಿವಲಿಯಿಂದ ಥಾಣೆವರೆಗಿನ ಗರ್ದಿಯಲ್ಲಿ ಜೇಬಿನಿಂದ ಕೈ ಹೊರಗೆ ತೆಗೆಯಲು ಜಾಗ ಸಿಕ್ಕರೆ ದೊಡ್ಡದು. ಥಾಣೆಯಲ್ಲಿ ಟ್ರಾನ್ಸ್‌ಹಾರ್ಬರ್ ಗಾಡಿ ಹಿಡಿದರೆ ಐರೋಲಿ ಬರಲು ಎಷ್ಟು ಹೊತ್ತು? ಕ್ರೈಯಿಂಗ್ ಸನ್ಸ್‌ನ ಒಂದು ಕಾದಾಟ ಅರ್ಧವಾಗಿರುವಾಗ ಇಳಿಯಬೇಕಾಗುತ್ತದೆ. ಯಾರೂ ಬಾಯಿಬಿಟ್ಟು ಹೇಳದ ಮಾತನ್ನು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. 2025ರ ಜೂನ್ 9ರ ಬೆಳಿಗ್ಗೆ ಮುಂಬ್ರಾ ಹತ್ತಿರ ಗಾಡಿಯ ಬಾಗಿಲಲ್ಲಿ ನೇತಾಡುತ್ತಿದ್ದವರು ಕೆಳಗೆ ಬಿದ್ದು ಜೀವ ಕಳೆದುಕೊಂಡರು, ಅದು ನೀನು ದಿನಾ ಹೋಗುವ ದಾರಿಯೇ. ಒಂದು ಕೈಯಲ್ಲಿ ಫೋನ್, ಒಂದು ಕೈಯಲ್ಲಿ ಬಾಗಿಲಿನ ಕಂಬ, ಈ ಭಂಗಿಯಲ್ಲಿ ನಿನ್ನನ್ನು ಕಂಡೆ ಎಂದು ಯಾರಾದರೂ ಹೇಳಿದರೆ ಮತ್ತೆ ನನ್ನ ಮನೆಗೆ ಬರಬೇಡ. ಗಾಡಿ ಹೊತ್ತು ಕಳೆಯಲು ಹಾಡು ಕೇಳು, ಪೇಪರ್ ಓದು, ನಿದ್ದೆ ಮಾಡು. ಆಟ ಮನೆಯಲ್ಲಿ.

ಮನೆಯಲ್ಲಿ ಎಂದ ಮೇಲೆ ನಿನ್ನ ಹಳೆಯ ಲ್ಯಾಪ್‌ಟಾಪಿನ ಮಾತು. ಎಫ್‌ಟಿಎಲ್‌ಗೆ ಗ್ರಾಫಿಕ್ಸ್ ಕಾರ್ಡು ಗೀರ್ಡು ಬೇಡ. 2012ರಲ್ಲಿ ಬಂದ ಸಣ್ಣ ಆಟ, ಆಫೀಸು ಕೆಲಸಕ್ಕೆ ಕೊಂಡ ಯಂತ್ರದಲ್ಲೂ ನೀರಿನಂತೆ ಓಡುತ್ತದೆ. ಫ್ಯಾನು ಬೊಬ್ಬೆ ಹೊಡೆಯುವುದಿಲ್ಲ. ಕ್ರೈಯಿಂಗ್ ಸನ್ಸ್ ಕೂಡ ಭಾರಿ ಏನಲ್ಲ, ಆದರೂ ಇದಕ್ಕಿಂತ ಭಾರ. ನೆಟ್ ಇಲ್ಲದೆಯೂ ಎರಡನ್ನೂ ಆಡಬಹುದು.

ದುಡ್ಡು. ಎರಡೂ ಒಂದು ಸಲ ಕೊಟ್ಟರೆ ಮುಗಿಯಿತು. ನಾಣ್ಯ ಕೊಳ್ಳು, ಪೆಟ್ಟಿಗೆ ಬಿಚ್ಚು, ಇನ್ನೊಂದು ಜೀವಕ್ಕೆ ಇಷ್ಟು ಕೊಡು ಎಂದು ಪೀಡಿಸುವ ಜಾತಿಯಲ್ಲ. ನಮ್ಮ ಸೊಸೈಟಿಯಲ್ಲೇ ರಮ್ಮಿ ಆ್ಯಪಿನಲ್ಲಿ ಸಂಬಳ ಸುಟ್ಟುಕೊಂಡ ಹುಡುಗರಿದ್ದರು. 2025ರ ಆಗಸ್ಟಿನಲ್ಲಿ ಸಂಸತ್ತು ಕಾನೂನು ತಂದು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿತು. ನಿನ್ನ ಅಮ್ಮನಿಗೆ ಎಲ್ಲ ಆಟವೂ ಅದೇ ಆಟ. ಅವಳಿಗೆ ಆ ವ್ಯತ್ಯಾಸ ಕೂರಿಸಿ ತೋರಿಸು, ಬಿಲ್ ತೋರಿಸು. ಬಚ್ಚಿಟ್ಟು ಆಡಬೇಡ. ಬಚ್ಚಿಟ್ಟದ್ದರ ಮೇಲೆಯೇ ಮನೆಯವರಿಗೆ ಅನುಮಾನ ಹೆಚ್ಚು. ಆಟ ಮಾರುವ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ರೂಪಾಯಿಯಲ್ಲೇ ಬೆಲೆ ಇರುತ್ತದೆ, ಬೇಸಿಗೆಯಲ್ಲಿ ಮತ್ತು ಡಿಸೆಂಬರಿನಲ್ಲಿ ದೊಡ್ಡ ಸೇಲ್ ಬರುತ್ತದೆ, ಅವಸರವಿಲ್ಲದಿದ್ದರೆ ಕಾಯಿ. ಇನ್ನೊಂದು ಅನುಕೂಲ ಹಲವರಿಗೆ ಗೊತ್ತಿರುವುದಿಲ್ಲ: ಕೊಂಡು ಹದಿನಾಲ್ಕು ದಿನದೊಳಗೆ, ಆಡಿದ್ದು ಎರಡು ಗಂಟೆಗಿಂತ ಕಡಿಮೆಯಿದ್ದರೆ ದುಡ್ಡು ವಾಪಸು ಕೇಳಬಹುದು. ಒಂದೂವರೆ ಗಂಟೆ ಆಡಿ ನೋಡು. ಹಿಡಿಸದಿದ್ದರೆ ಮರಳಿಸಿ ಇನ್ನೊಂದನ್ನು ತಕ್ಕೋ. ಇದರಲ್ಲಿ ನಾಚಿಕೆಯೇನಿಲ್ಲ.

ಆದರೆ ಎರಡನ್ನೂ ಒಟ್ಟಿಗೆ ಕೊಳ್ಳಬೇಡ, ಸೇಲಿನಲ್ಲಿ ಎಷ್ಟೇ ಅಗ್ಗವಾಗಿ ಬಂದರೂ. ಒಂದರಲ್ಲಿ ಮೂರು ಸಲ ಸೋತ ಕೂಡಲೇ ಇನ್ನೊಂದಕ್ಕೆ ಹಾರುತ್ತೀ, ಅದರಲ್ಲಿ ಸೋತು ಇದಕ್ಕೆ ಬರುತ್ತೀ. ಎರಡರ ನಿಯಮವೂ ತಲೆಯಲ್ಲಿ ಕಲಸಿ ಯಾವುದೂ ಕೈಗೆ ಹತ್ತುವುದಿಲ್ಲ. ಎಫ್‌ಟಿಎಲ್ ಮಾಡಿದ ಅದೇ ಇಬ್ಬರ ‘ಇನ್‌ಟು ದ ಬ್ರೀಚ್’ 2018ರಲ್ಲಿ ಬಂತು, ಅದು ಇನ್ನೂ ಒಳ್ಳೆಯದು ಎಂದು ನಿನಗೆ ಯಾರಾದರೂ ಹೇಳದೆ ಇರುವುದಿಲ್ಲ. ಒಳ್ಳೆಯದೇ. ಎಂಟು ಚೌಕ ಉದ್ದ, ಎಂಟು ಚೌಕ ಅಗಲದ ಆ ಮಣೆಯ ಮೇಲೆ ವೈರಿ ಮುಂದೆ ಏನು ಮಾಡುತ್ತಾನೆಂದು ಮೊದಲೇ ತೋರಿಸಿಬಿಡುತ್ತಾರೆ, ತಪ್ಪಿದರೆ ಪೂರ್ತಿ ನಿನ್ನದೇ ತಪ್ಪು. ಆದರೆ ಅದು ನೆಲದ ಮೇಲಿನ ಯುದ್ಧ, ನೀನು ಕೇಳಿದ್ದು ಆಕಾಶ. ಎರಡರ ನಡುವೆಯೇ ಒದ್ದಾಡುತ್ತಿರುವವನಿಗೆ ಮೂರನೆಯದನ್ನು ಹೇಳುವವರ ಮಾತು ಕಿವಿಗೆ ಹಾಕಿಕೊಳ್ಳಬೇಡ.

ಹೊತ್ತಿನ ವಿಷಯ. ಎಫ್‌ಟಿಎಲ್‌ನ ಒಂದು ಪೂರ್ತಿ ಪ್ರಯಾಣಕ್ಕೆ ಎರಡು ಗಂಟೆಯ ಹತ್ತಿರ ಬೇಕಾಗುತ್ತದೆ, ನಿಲ್ಲಿಸಿ ಯೋಚಿಸುವವರಿಗೆ ಇನ್ನೂ ಹೆಚ್ಚು. ನಡುವೆ ಮುಚ್ಚಿಟ್ಟು ಮರುದಿನ ಮುಂದುವರಿಸಬಹುದು, ಆದ್ದರಿಂದ ‘ಇದೊಂದು ಮುಗಿಸಿ ಮಲಗುತ್ತೇನೆ’ ಎನ್ನುವುದಕ್ಕೆ ಆಟದ ಕಡೆಯಿಂದ ಯಾವ ಕಾರಣವೂ ಇಲ್ಲ. ಬೆಳಿಗ್ಗೆ ಬೇಗ ಗಾಡಿ ಹಿಡಿಯುವವನು ರಾತ್ರಿ ಹತ್ತರ ಮೇಲೆ ಹೊಸ ಪ್ರಯಾಣ ಶುರುಮಾಡಬಾರದು. ಸ್ವಲ್ಪ ಹೊತ್ತು ಆಡಿ ಮುಚ್ಚು. ಭಾನುವಾರ ಹೇಗೂ ಸೆಂಟ್ರಲ್ ಲೈನಿನಲ್ಲಿ ಮೆಗಾಬ್ಲಾಕ್, ಎಲ್ಲೂ ಹೋಗಲಾಗುವುದಿಲ್ಲ. ಬೇಕಾದಷ್ಟು ಆಡು, ಊಟದ ಹೊತ್ತಿಗೆ ಕರೆದಾಗ ಮಾತ್ರ ಒಂದೇ ಕೂಗಿಗೆ ಏಳು. ಸ್ಪೇಸ್ ಬಾರ್ ಇರುವುದೇ ಅದಕ್ಕೆ.

ಶುರುಮಾಡುವಾಗ ಈಸಿಯಲ್ಲೇ ಶುರುಮಾಡು. ನಾರ್ಮಲ್ ಎಂಬ ಹೆಸರು ನೋಡಿ ಅದೇ ಸಹಜ ಎಂದು ತಿಳಿದವರೆಲ್ಲ ಎರಡನೇ ವಲಯದಲ್ಲೇ ಮಣ್ಣು ಮುಕ್ಕಿದ್ದಾರೆ. ಸತ್ತ ಕೂಡಲೇ ಮತ್ತೆ ಶುರು ಎಂದು ಗುಂಡಿ ಒತ್ತಬೇಡ. ಯಾಕೆ ಸತ್ತೆ ಎಂದು ಒಂದು ಸಾಲು ಬರೆದಿಡು, ಫೋನಿನಲ್ಲೇ ಆದರೂ ಸರಿ. ಕ್ಷಿಪಣಿ ಉಳಿಸಿ ಉಳಿಸಿ ಬಳಸದೆಯೇ ಸತ್ತೆ, ರಿಪೇರಿಯಲ್ಲಿ ಚುರುಕಾದ ಎಂಜಿ ಜಾತಿಯವನು ಸಿಕ್ಕರೂ ಆ ಕೆಲಸಕ್ಕೆ ಹಚ್ಚಲಿಲ್ಲ, ಇಂಧನ ಕೊಳ್ಳಲು ಮರೆತೆ, ಹೀಗೆ. ಹತ್ತು ಸಾಲಾಗುವಷ್ಟರಲ್ಲಿ ಒಂದೇ ಕಾರಣ ಮತ್ತೆ ಮತ್ತೆ ಬಂದದ್ದು ಕಾಣುತ್ತದೆ. ಗೆದ್ದವರ ವಿಡಿಯೋ ನೋಡಿ ಅವರ ನೌಕೆ ನಕಲು ಮಾಡುವುದನ್ನು ಮೊದಲ ಗೆಲುವಿನ ತನಕ ದೂರವಿಡು. ಅವರಿಗೆ ಸಿಕ್ಕ ಅಂಗಡಿ ನಿನಗೆ ಸಿಗುವುದಿಲ್ಲ.

ನಿನಗೆ ಕತೆಯೇ ಮುಖ್ಯ, ಸೋಲನ್ನು ಸಹಿಸುವ ಮನಸ್ಸು ಸದ್ಯಕ್ಕಿಲ್ಲ, ಆಫೀಸಿನಲ್ಲೇ ಸಾಕಷ್ಟು ಸೋಲು ಸಿಗುತ್ತಿದೆ ಎನ್ನುವ ಹಾಗಿದ್ದರೆ ಕ್ರೈಯಿಂಗ್ ಸನ್ಸ್ ತಕ್ಕೋ, ನಾನು ಬೇಡ ಎನ್ನುವುದಿಲ್ಲ. ಅದೊಂದು ಒಳ್ಳೆಯ ಕತೆ, ಮುಗಿಯುತ್ತದೆ, ಮುಗಿದಾಗ ತೃಪ್ತಿ ಇರುತ್ತದೆ. ಆದರೆ ನಿನ್ನನ್ನು ತೊಟ್ಟಿಲಲ್ಲಿ ತೂಗಿದವಳು ನಾನು, ನಿನ್ನ ಸ್ವಭಾವ ಗೊತ್ತು. ಕೇರಂನಲ್ಲಿ ಸೋತರೆ ಮತ್ತೊಂದು ಆಟ ಎಂದು ಹಟ ಹಿಡಿಯುತ್ತಿದ್ದವನು ನೀನು. ನಿನಗೆ ಎಫ್‌ಟಿಎಲ್. ಇನ್ನೊಂದನ್ನು ವಿಶ್‌ಲಿಸ್ಟಿಗೆ ಹಾಕಿಡು, ಡಿಸೆಂಬರ್ ಸೇಲಿನೊಳಗೆ ಆ ದೊಡ್ಡ ನೌಕೆಯನ್ನು ಮುಳುಗಿಸಿದ್ದರೆ ಅದರ ದುಡ್ಡು ನಾನು ಕೊಡುತ್ತೇನೆ.